ಲೆಕ್ಕದ ಪುಸ್ತಕಕ್ಕೆ ಚಿತ್ರದ ಹೊದಿಕೆ

ಸದಸ್ಯ ಬಾಂಧವರೇ,

ಇಟಲಿಯಿಂದ ಮರಳಿದ ಮೂರನೆಯ ದಿನ ಸಂಘದ ಕಚೇರಿಗೆ ಹೋದೆ. ಗೋದಾಮಿನ ಜಗಲಿಯಲ್ಲಿ ಕುಳಿತಿದ್ದ ಹಿರಿಯ ಸದಸ್ಯರೊಬ್ಬರು ನನ್ನನ್ನು ಕಂಡ ಕೂಡಲೇ, "ಏನು ಸೆಕ್ರೆಟರಿಗಳೇ, ಇಟಲಿ ಹೇಗಿತ್ತು? ಖರ್ಚು ಯಾವ ಖಾತೆಗೆ ಬಿತ್ತು?" ಎಂದು ಕೇಳಿದರು. ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆಯಲ್ಲಿ ತಮಾಷೆ ಅರ್ಧವೇ ಇತ್ತೆಂಬುದು ಕೇಳಿದವರಿಗೂ ಗೊತ್ತು, ನನಗೂ ಗೊತ್ತು.

ಆದ್ದರಿಂದ ಮೊದಲು ಉತ್ತರ, ಆಮೇಲೆ ಪ್ರವಾಸದ ಮಾತು. ಹೋದವರು ನಾವು ಹದಿನೆಂಟು ಮಂದಿ. ಹನ್ನೊಂದು ಜನ ಸದಸ್ಯರು, ಉಳಿದವರು ಮನೆಯವರು. ಪ್ರತಿಯೊಬ್ಬರೂ ತಮ್ಮ ಪಾಲಿನ ಹಣವನ್ನು ಪ್ರವಾಸದ ಕಂಪನಿಗೆ ನೇರವಾಗಿ ಕಟ್ಟಿದ್ದೇವೆ. ಸಂಘದಿಂದ ಒಂದು ಕಾಸೂ ಹೋಗಿಲ್ಲ. ನನ್ನ ರಜೆಯ ಅರ್ಜಿ ಮತ್ತು ಹಣ ಕಟ್ಟಿದ ರಸೀತಿಯ ನಕಲನ್ನು ಕಚೇರಿಯ ಸೂಚನಾ ಫಲಕಕ್ಕೆ ಹಚ್ಚಿದ್ದೇನೆ. ಯಾರು ಬೇಕಾದರೂ ನೋಡಬಹುದು.

ಪ್ರಶ್ನೆ ಕೇಳಿದ ಹಿರಿಯರ ಮೇಲೆ ನನಗೆ ಕೋಪವಿಲ್ಲ. ನಿಜ ಹೇಳಬೇಕೆಂದರೆ, ಆ ಹನ್ನೆರಡು ದಿನ ನಾನು ಕಂಡ ಗುಮ್ಮಟ, ಗೋಪುರ, ಚಿತ್ರಗಳ ಹಿಂದೆಲ್ಲ ಇದೇ ಪ್ರಶ್ನೆ ನಿಂತಿತ್ತು. ಖರ್ಚು ಯಾವ ಖಾತೆಗೆ ಬಿತ್ತು? ಈ ಲೇಖನವೂ ಅದನ್ನು ಕುರಿತೇ.

ಮಳೆ ಹಿಡಿತ ಬಿಟ್ಟಿತ್ತು. ಕೊಳೆ ಔಷಧಿಯ ಕಡೆಯ ಸಿಂಪಡಣೆ ಮುಗಿದಿತ್ತು. ಅಡಿಕೆ ಕೊಯ್ಲಿಗೂ ಕಾಫಿ ಹಣ್ಣಾಗುವುದಕ್ಕೂ ಇನ್ನೂ ಸ್ವಲ್ಪ ವಾಯಿದೆ ಇತ್ತು. ಬೆಳೆಗಾರನಿಗೆ ವರ್ಷದಲ್ಲಿ ಸಿಗುವ ಬಿಡುವು ಅಷ್ಟೇ. ಹೊರಟೆವು. ಉಪ್ಪಿನಕಾಯಿ, ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡೇ ಹೊರಟೆವೆಂದು ಬೇರೆ ಹೇಳಬೇಕಾಗಿಲ್ಲ.

ಫ್ಲಾರೆನ್ಸ್ ಪಟ್ಟಣದಲ್ಲಿ ಮೊದಲ ಬೆಳಿಗ್ಗೆ ಕಾಫಿ ಅಂಗಡಿಗೆ ನುಗ್ಗಿದೆವು. ಅಲ್ಲಿನ ಜನ ಕೌಂಟರಿನ ಮುಂದೆ ನಿಂತುಕೊಂಡೇ, ಎರಡು ಗುಟುಕಿನಷ್ಟು ಕಪ್ಪು ಕಾಫಿಯನ್ನು ಗಂಟಲಿಗೆ ಸುರಿದುಕೊಂಡು ಹೊರಟೇಬಿಡುತ್ತಾರೆ. "ಇದು ಬರೀ ಡಿಕಾಕ್ಷನ್. ಹಾಲು ಎಲ್ಲಿ?" ಎಂದು ನನ್ನ ಮನೆಯವರು ಕೇಳಿದರು. ಆ ಬಟ್ಟಲಿನ ಮೇಲೆ ದಪ್ಪನೆಯ ಕಂದು ನೊರೆ ನಿಂತಿರುತ್ತದೆ. ಆ ನೊರೆ ಗಟ್ಟಿಯಾಗಿ ನಿಲ್ಲಲೆಂದು ಅನೇಕ ಮಿಶ್ರಣಗಳಲ್ಲಿ ರೊಬಸ್ಟಾ ಬೆರೆಸುತ್ತಾರೆ. ನಮ್ಮ ದೇಶದ ಕಾಫಿಗೆ ಇಟಲಿ ಬಹುಕಾಲದಿಂದ ಅತಿ ದೊಡ್ಡ ಗಿರಾಕಿ. ಹೀಗಿದ್ದರೂ ಆ ಬಟ್ಟಲಿನಲ್ಲಿ ಯಾವ ದೇಶದ, ಯಾವ ಊರಿನ ಬೀಜವಿದೆಯೆಂದು ಕೇಳಿದಾಗ ಅಂಗಡಿಯವನು ಭುಜ ಕುಣಿಸಿದ. ಅವನ ತಪ್ಪೇನೂ ಇಲ್ಲ. ಈ ಮಾತನ್ನು ಇಲ್ಲಿಗೆ ಬಿಟ್ಟು ಮುಂದೆ ಮತ್ತೆ ಎತ್ತಿಕೊಳ್ಳುತ್ತೇನೆ.

ಫ್ಲಾರೆನ್ಸಿನ ದೊಡ್ಡ ಚರ್ಚಿನ ಗುಮ್ಮಟವನ್ನು 1420ರಿಂದ 1436ರವರೆಗೆ ಬ್ರುನೆಲೆಸ್ಕಿ ಎಂಬವನು ಕಟ್ಟಿಸಿದ. ಸುಮಾರು 45 ಮೀಟರ್ ಅಗಲದ ಬಾಯಿ. ಅದರ ಮೇಲೆ, ನೆಲದಿಂದ ಸೆಂಟ್ರಿಂಗ್ ಕೊಡದೆ, ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಎಬ್ಬಿಸಿದ್ದಾನೆ. ಮನೆಗೆ ತಾರಸಿ ಹಾಕಿಸಿದ ಅನುಭವವಿರುವ ನಮ್ಮವರು ತಲೆಯೆತ್ತಿ ನೋಡಿ ಮಾತೇ ಆಡಲಿಲ್ಲ. ಇದನ್ನು ಕಟ್ಟಿಸಿದ ರಾಜ ಯಾರೆಂದು ಒಬ್ಬರು ಕೇಳಿದರು. ರಾಜನೇ ಇರಲಿಲ್ಲ. ಚರ್ಚಿನ ಕಟ್ಟಡದ ಹೊಣೆಯನ್ನು 1331ರಿಂದ ಹೊತ್ತದ್ದು ಉಣ್ಣೆ ವ್ಯಾಪಾರಿಗಳ ಸಂಘ. ಒಂದು ಕಸುಬಿನವರ ಸಂಘ, ನಮ್ಮದರ ಹಾಗೆಯೇ. ಕೆಲಸ ನಡೆಸಲೆಂದು ಇದ್ದ ಕಚೇರಿ 1296ರಲ್ಲಿ ಹುಟ್ಟಿದ್ದು, ಇಂದಿಗೂ ಅದೇ ಹೆಸರಿನಲ್ಲಿ ಕೆಲಸ ಮಾಡುತ್ತಿದೆ. ಗುಮ್ಮಟದ ಕಾಲದ, ಅಂದರೆ 1417ರಿಂದ 1436ರವರೆಗಿನ ಅದರ ಕಾಗದಪತ್ರಗಳೂ ಉಳಿದಿವೆ. ಇಟ್ಟಿಗೆಗೆ ಎಷ್ಟು, ಮರಕ್ಕೆ ಎಷ್ಟು, ಯಾರಿಗೆ ಎಷ್ಟು ಕೂಲಿ ಎಂಬ ಲೆಕ್ಕ ಅದರಲ್ಲಿದೆ. ಗುಮ್ಮಟ ನಿಂತಿದೆ, ಅದರ ಲೆಕ್ಕವೂ ನಿಂತಿದೆ. ನನಗೆ ಎರಡನೆಯದೇ ಹೆಚ್ಚು ಆಶ್ಚರ್ಯ. ಹತ್ತು ವರ್ಷದ ಹಿಂದಿನ ಗೊಬ್ಬರದ ವೋಚರ್ ಹುಡುಕಲು ನಾವು ಪಡುವ ಪಾಡು ನನಗೆ ಗೊತ್ತಿದೆ.

ಅಲ್ಲಿಂದ ಬೆಟ್ಟದ ಮೇಲಿನ ಊರು ಸಾನ್ ಜಿಮಿನ್ಯಾನೊ. ದೂರದಿಂದ ನೋಡಿದರೆ ಬೆಟ್ಟದ ನೆತ್ತಿಯಲ್ಲಿ ಅಡಿಕೆ ಮರ ನೆಟ್ಟ ಹಾಗೆ ಕಲ್ಲಿನ ಗೋಪುರಗಳು. ಒಂದು ಕಾಲಕ್ಕೆ 72 ಇದ್ದುವಂತೆ. ಈಗ ಉಳಿದಿರುವುದು 14. ಈ ಊರಿಗೆ ಹಣ ಬಂದದ್ದು ಯಾತ್ರಿಕರ ದಾರಿಯಿಂದ ಮತ್ತು ನಮ್ಮ ಹಾಗೆ ಒಂದು ಬೆಳೆಯಿಂದ. ಆ ಬೆಳೆ ಕೇಸರಿ. ಯುದ್ಧದಲ್ಲಿ ಮಾಡಿದ ಸಾಲದ ಒಂದು ಭಾಗವನ್ನು 1228ರಲ್ಲಿ ಈ ಊರು ಕೇಸರಿ ಕೊಟ್ಟೇ ತೀರಿಸಿತ್ತು. ಕೇಸರಿಯ ಹಣ ಕೈಗೆ ಬಂದಾಗ ದೊಡ್ಡ ಮನೆತನಗಳು ಮಾಡಿದ್ದೇನು? ಗೋಪುರ ಕಟ್ಟಿದವು. ಒಬ್ಬನದು ಎದ್ದರೆ ಎದುರು ಮನೆಯವನದು ಅದಕ್ಕಿಂತ ಒಂದು ಮೊಳ ಎತ್ತರ. ಪುರಸಭೆಯ ಗೋಪುರಕ್ಕಿಂತ ಎತ್ತರ ಕಟ್ಟಕೂಡದೆಂದು 1255ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಆರ್ದಿಂಗೆಲ್ಲಿ ಮತ್ತು ಸಾಲ್ವುಚ್ಚಿ ಎಂಬ ಎರಡು ಮನೆತನಗಳ ಹಗೆ ಊರನ್ನೇ ಎರಡಾಗಿ ಸೀಳಿತು. ಅಷ್ಟರಲ್ಲಿ 1348ರ ಪ್ಲೇಗು ಬಂತು. ಜನ ಸತ್ತರು, ಗದ್ದೆ ಬೀಳು ಬಿತ್ತು. 1353ರಲ್ಲಿ ಊರು ತನ್ನ ಸ್ವಾತಂತ್ರ್ಯವನ್ನು ಫ್ಲಾರೆನ್ಸಿಗೆ ಒಪ್ಪಿಸಿ ಕೈಮುಗಿಯಿತು. ಆಮೇಲೆ ಎಷ್ಟೋ ಶತಮಾನ ಬಡತನ. ಆ ಗೋಪುರಗಳು ಉಳಿದದ್ದಕ್ಕೆ ಹೊಸದಾಗಿ ಕಟ್ಟಲು ಕಾಸಿಲ್ಲದಿದ್ದುದೂ ಒಂದು ಕಾರಣ.

ಅಲ್ಲಿ ನಿಂತು ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. 2014ರ ಸುಮಾರಿಗೆ ಅಡಿಕೆ ಧಾರಣೆ ಗಗನಕ್ಕೇರಿದಾಗ ನಮ್ಮಲ್ಲಿ ಎದ್ದ ಮನೆಗಳೆಷ್ಟು, ಅವುಗಳ ಮೇಲಿನ ಸಾಲ ಇಂದಿಗೂ ತೀರದವರೆಷ್ಟು? 2024-25ರಲ್ಲಿ ರೊಬಸ್ಟಾ ಧಾರಣೆ ಹಿಂದೆಂದೂ ಕಾಣದ ಮಟ್ಟ ಮುಟ್ಟಿದಾಗ ಮತ್ತೆ ಅದೇ ಆಟ. ಮನೆ ಕಟ್ಟಬೇಡಿ ಎನ್ನಲು ನಾನು ಯಾರು? ನನ್ನ ಮನೆಗೂ ಮಹಡಿಯಿದೆ. ಆದರೆ ಧಾರಣೆ ಏರಿದ ವರ್ಷ ಸಂಘದ ಮೀಸಲು ನಿಧಿಗಾಗಲಿ ಒಣಗಿಸುವ ಸಾಮೂಹಿಕ ಕಣಕ್ಕಾಗಲಿ ಪಾಲು ಕೇಳಿದಾಗ, "ಈ ವರ್ಷ ಕೈ ಬಿಗಿ" ಎಂದವರಲ್ಲಿ ಮಹಡಿಯವರೇ ಹೆಚ್ಚು. ಎಲೆಚುಕ್ಕಿ ರೋಗ ಬಂದಾಗ ಒಬ್ಬೊಬ್ಬರ ಮಹಡಿ ಒಬ್ಬೊಬ್ಬರ ತೋಟವನ್ನು ಕಾಯಲಿಲ್ಲ.

ಮುಂದಿನ ದಾರಿ ಕಿಯಾಂತಿ ಸೀಮೆಯ ದ್ರಾಕ್ಷಿ ತೋಟಗಳ ನಡುವೆ. ಅಲ್ಲಿ ಕಡೆಯ ಕೊಯ್ಲು ನಡೆಯುತ್ತಿತ್ತು. ಬಳ್ಳಿಯ ಎಲೆಗಳ ಮೇಲೆ ನಮಗೆ ತೀರ ಪರಿಚಯವಾದ ನೀಲಿ ಕಲೆ. ಅವರೂ ಮೈಲುತುತ್ತವನ್ನೇ ಹೊಡೆಯುತ್ತಾರೆ. ಭಾಷೆ ಬಾರದಿದ್ದರೂ ಬೆಳೆಗಾರ ಬೆಳೆಗಾರನ ಗುರುತು ಹಿಡಿಯುವುದು ಹೀಗೆ. ಈ ಸೀಮೆಯ ಗಡಿ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು 1716ರಷ್ಟು ಹಿಂದೆಯೇ ಅಲ್ಲಿನ ದೊರೆ ಮೂರನೆಯ ಕೋಸಿಮೊ ಆಜ್ಞೆ ಹೊರಡಿಸಿ ಗೊತ್ತುಮಾಡಿದ್ದ. ಆದರೂ ಬೇರೆ ಕಡೆಯ ದ್ರಾಕ್ಷಾರಸ ಅದೇ ಹೆಸರಿನಲ್ಲಿ ಮಾರಾಟವಾಗತೊಡಗಿತು. 1924ರಲ್ಲಿ 33 ಮಂದಿ ಬೆಳೆಗಾರರು ರಾದ್ದಾ ಎಂಬ ಊರಿನಲ್ಲಿ ಸೇರಿ ಸಂಘ ಕಟ್ಟಿ, ಕಪ್ಪು ಹುಂಜವನ್ನು ತಮ್ಮ ಗುರುತಾಗಿ ಇಟ್ಟುಕೊಂಡರು. ಇಂದು ಆ ಹುಂಜದ ಮುದ್ರೆ ಸೀಸೆಯ ಕತ್ತಿನ ಮೇಲಿದ್ದರೆ ಜನ ನಂಬಿ ಹಣ ಕೊಡುತ್ತಾರೆ.

ಈಗ ಕಾಫಿ ಅಂಗಡಿಯ ಮಾತಿಗೆ ಬರುತ್ತೇನೆ. ನಮ್ಮ ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗಿನ ಅರೇಬಿಕಾ ಕಾಫಿಗೂ ಶಿರಸಿ ಅಡಿಕೆಗೂ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಹೆಸರು ಕಾಗದದ ಮೇಲೆ ಬಂದಿದೆ. ಮಾರುಕಟ್ಟೆಯಲ್ಲಿ ನಿಲ್ಲಬೇಕಾದರೆ ಹೆಸರು ಹೊತ್ತ ಪ್ರತಿ ಚೀಲವೂ ಆ ಹೆಸರಿಗೆ ತಕ್ಕಂತೆ ಇರಬೇಕು. ಒಬ್ಬ ಹಸಿ ಕಾಯಿ ಬೆರೆಸಿ ಒಣಗಿಸಿದರೆ, ಇನ್ನೊಬ್ಬ ಹೊರಗಿನ ಅಡಿಕೆ ತಂದು ತನ್ನ ಚೀಲಕ್ಕೆ ತುಂಬಿದರೆ ಹೆಸರು ಎಲ್ಲರದೂ ಕೆಡುತ್ತದೆ. ಹೆಸರು ಕೂಡ ಕೂಡು ಖಾತೆಯೇ. ಒಬ್ಬ ತೆಗೆದ ಹಣಕ್ಕೆ ಎಲ್ಲರೂ ಬಾಧ್ಯರು.

ಆಮೇಲೆ ಸಿಯೆನಾ. ಮೂರು ದಿಬ್ಬಗಳ ಮೇಲೆ ಹಬ್ಬಿದ ಕೆಂಪಿಟ್ಟಿಗೆಯ ಊರು. 1287ರಿಂದ 1355ರವರೆಗೆ ಇದನ್ನು ಆಳಿದ್ದು ಒಂಬತ್ತು ಮಂದಿಯ ಸಮಿತಿ. ಒಂದು ತಂಡದ ಅಧಿಕಾರಾವಧಿ ಎರಡೇ ತಿಂಗಳು. ಆ ಎರಡು ತಿಂಗಳು ಅವರು ಮನೆ ಬಿಟ್ಟು ಪುರಭವನದಲ್ಲೇ ಇರಬೇಕು. ಊರ ನಡುವಿನ ಬಯಲಿಗೆ ಹಾಸಿದ ಇಟ್ಟಿಗೆಯಲ್ಲಿ ಬೀಸಣಿಗೆಯ ಹಾಗೆ ಒಂಬತ್ತು ಭಾಗಗಳಿರುವುದು ಆ ಒಂಬತ್ತರ ನೆನಪಿಗೆ. ಪುರಭವನದ ಗಂಟೆ ಗೋಪುರಕ್ಕೆ ಮಾಂಜಾ ಎಂದು ಹೆಸರು. ಮೊದಲ ಗಂಟೆ ಬಾರಿಸುವವನು ಗಳಿಸಿದ್ದನ್ನೆಲ್ಲ ತಿಂದು ಕಳೆಯುವವನಾಗಿದ್ದನಂತೆ. "ಗಳಿಕೆ ತಿನ್ನುವವ" ಎಂಬ ಅವನ ಅಡ್ಡಹೆಸರೇ ಗೋಪುರಕ್ಕೆ ನಿಂತಿತು. ಸಂಘ ಸಂಸ್ಥೆಗಳಲ್ಲಿ ಇರುವವರು ನೆನಪಿಡಬೇಕಾದ ಹೆಸರು.

ಆ ಒಂಬತ್ತು ಮಂದಿ ಸಭೆ ನಡೆಸುತ್ತಿದ್ದ ಕೋಣೆಯ ಮೂರು ಗೋಡೆಗಳ ಮೇಲೆ ಅಂಬ್ರೋಜಿಯೊ ಲೊರೆನ್ಜೆಟ್ಟಿ ಎಂಬ ಚಿತ್ರಕಾರ 1338-39ರಲ್ಲಿ ಒಳ್ಳೆಯ ಆಡಳಿತ ಮತ್ತು ಕೆಟ್ಟ ಆಡಳಿತದ ಚಿತ್ರ ಬರೆದಿದ್ದಾನೆ. ನಡುಗೋಡೆಯಲ್ಲಿ ನ್ಯಾಯದೇವತೆ. ಅವಳ ತಕ್ಕಡಿಯಿಂದ ಇಳಿದ ಹಗ್ಗ ಕೆಳಗೆ ಕುಳಿತ ಒಗ್ಗಟ್ಟೆಂಬ ಹೆಂಗಸಿನ ಕೈಗೆ ಬರುತ್ತದೆ. ಅವಳ ಮಡಿಲಲ್ಲಿ ಬಡಗಿಯ ಕೀಸುಳಿ, ಏರುಪೇರನ್ನು ಸಮ ಮಾಡಲು. ಅವಳಿಂದ ಆ ಹಗ್ಗವನ್ನು 24 ನಾಗರಿಕರು ಸಾಲಾಗಿ ಹಿಡಿದು ನಡೆಯುತ್ತಾರೆ. ಅವರನ್ನು ಯಾರೂ ಕಟ್ಟಿಹಾಕಿಲ್ಲ, ತಾವಾಗಿಯೇ ಹಿಡಿದಿದ್ದಾರೆ. ಪಕ್ಕದ ಗೋಡೆಯಲ್ಲಿ ಅದರ ಫಲ. ಪಟ್ಟಣದಲ್ಲಿ ಮನೆ ಕಟ್ಟುವ ಗಾರೆಯವರು, ಅಂಗಡಿಗಳು, ಪಾಠ ಹೇಳುವ ಉಪಾಧ್ಯಾಯ. ಕೋಟೆ ಬಾಗಿಲು ದಾಟಿದರೆ ಹೊಲಗದ್ದೆ, ಬಿತ್ತುವವರು, ಕೊಯ್ಯುವವರು, ಕಣದಲ್ಲಿ ತೆನೆ ಬಡಿಯುವವರು, ಹಂದಿಯನ್ನು ಸಂತೆಗೆ ಹೊಡೆದುಕೊಂಡು ಬರುವ ರೈತ, ಮೂಟೆ ಹೊತ್ತ ಕತ್ತೆಗಳು. ಆ ಮೂಟೆಗಳನ್ನು ಕಂಡು ನನಗೆ, ಅಜ್ಜ ಹೇಳುತ್ತಿದ್ದ ಹೇರೆತ್ತುಗಳ ನೆನಪಾಯಿತು. ಅಡಿಕೆ ಹೊತ್ತು ಘಟ್ಟ ಇಳಿಯುತ್ತಿದ್ದವು ಅವು.

ಎದುರು ಗೋಡೆಯಲ್ಲಿ ಕೊಂಬು ಮೂಡಿದ ದುರಾಡಳಿತ. ಅದರ ತಲೆಯ ಮೇಲೆ ಲೋಭ, ಅಹಂಕಾರ, ಒಣಜಂಭ. ಕಾಲ ಬಳಿ ಕೈಕಟ್ಟಿ ಬಿದ್ದಿರುವ ನ್ಯಾಯ. ಅದರ ಆಚೆ ಸುಟ್ಟ ಹಳ್ಳಿ, ಬೆಳೆಯಿಲ್ಲದ ನೆಲ. ಮೇಜಿನ ಮುಂದೆ ಕುಳಿತು ತೀರ್ಮಾನ ಮಾಡುವವರು ತಲೆ ಎತ್ತಿದಾಗಲೆಲ್ಲ ಎರಡರಲ್ಲಿ ಒಂದು ಕಣ್ಣಿಗೆ ಬೀಳಲೇಬೇಕು. ನಮ್ಮ ಆಡಳಿತ ಮಂಡಳಿಯ ಕೋಣೆಯಲ್ಲಿರುವುದು ರಸಗೊಬ್ಬರ ಕಂಪನಿಯ ಕ್ಯಾಲೆಂಡರು.

ಇದಕ್ಕಿಂತಲೂ ನನ್ನ ಮನಸ್ಸನ್ನು ಹಿಡಿದದ್ದು ಅದೇ ಊರಿನ ಸರ್ಕಾರಿ ಪತ್ರಾಗಾರ. ಸಿಯೆನಾದ ಖಜಾನೆ ಕಚೇರಿಗೆ ಬಿಕ್ಕೆರ್ನಾ ಎಂದು ಹೆಸರು. ಅಲ್ಲಿನ ಅಧಿಕಾರಿಗಳ ಅವಧಿ ಆರು ತಿಂಗಳು. ಅವಧಿ ಮುಗಿದಾಗ ಲೆಕ್ಕ ಮುಗಿಸಿ, ಪುಸ್ತಕಕ್ಕೆ ಮರದ ಹಲಗೆಯ ರಟ್ಟು ಹಾಕಿ, ಅದರ ಮೇಲೆ ಒಳ್ಳೆಯ ಚಿತ್ರಕಾರನಿಂದ ಚಿತ್ರ ಬರೆಸುತ್ತಿದ್ದರು. ಕೆಳಗೆ ಹೊಣೆಗಾರ ಅಧಿಕಾರಿಗಳ ಮನೆತನದ ಲಾಂಛನ. ಅಂಥ ನೂರಕ್ಕೂ ಹೆಚ್ಚು ಹಲಗೆಗಳು ಅಲ್ಲಿವೆ. ಉಳಿದವುಗಳಲ್ಲಿ ಅತ್ಯಂತ ಹಳೆಯದು 1258ರದು. ಅದರಲ್ಲಿ ಖಜಾಂಚಿಯಾಗಿದ್ದ ಊಗೊ ಎಂಬ ಸಂನ್ಯಾಸಿ ಪುಸ್ತಕದೊಂದಿಗೆ ಕುಳಿತಿದ್ದಾನೆ. ಸಾನ್ ಗಲ್ಗಾನೊ ಮಠದವನು. ಮಗನಿಗೆ ಸಾಲ ಕೊಡಿಸುವ, ಅಳಿಯನಿಗೆ ಗುತ್ತಿಗೆ ಕೊಡಿಸುವ ತಾಪತ್ರಯ ಸಂನ್ಯಾಸಿಗಿಲ್ಲವೆಂದು ಅವನನ್ನು ಕೂರಿಸಿದ್ದಿರಬೇಕು. ಗೋಡೆಯ ಚಿತ್ರ ಬರೆದ ಲೊರೆನ್ಜೆಟ್ಟಿಯದೆಂದು ಹೇಳುವ 1344ರ ಹಲಗೆಯೂ ಅಲ್ಲಿದೆ. 1468ರ ಇನ್ನೊಂದರಲ್ಲಿ ಶಾಂತಿಕಾಲದ ಮತ್ತು ಯುದ್ಧಕಾಲದ ಹಣಕಾಸನ್ನು ಅಕ್ಕಪಕ್ಕದಲ್ಲಿ ಬರೆದಿದ್ದಾರೆ. ದೇವರ ಚಿತ್ರ ಬರೆದ ಕೈಗಳೇ ಲೆಕ್ಕದ ಪುಸ್ತಕಕ್ಕೂ ಚಿತ್ರ ಬರೆದವು. ಊರಿನ ಹಣದ ಲೆಕ್ಕ ಎಂದರೆ ಅವರಿಗೆ ಅಷ್ಟು ಗೌರವ.

ಆದರೆ ಅವರೆಲ್ಲ ದೇವತೆಗಳು, ನಾವೆಲ್ಲ ಪಾಪಿಗಳು ಎಂದು ನಾನು ಹೇಳಹೊರಟಿಲ್ಲ. ಆ ಒಂಬತ್ತು ಮಂದಿ ಹಣವಂತ ವರ್ತಕರು. ಬಡವನಿಗೆ ಅಲ್ಲಿ ಸ್ಥಾನವಿರಲಿಲ್ಲ. 1355ರಲ್ಲಿ ದಂಗೆಯೆದ್ದು ಅವರನ್ನು ಇಳಿಸಿದರು. 1339ರಲ್ಲಿ, ಆ ಚಿತ್ರ ಮುಗಿದ ವರ್ಷವೇ, ಇದ್ದ ಚರ್ಚನ್ನು ಇನ್ನೂ ಭಾರಿಯಾಗಿ ಬೆಳೆಸಹೊರಟರು. ಪ್ಲೇಗು ಬಂದು ಕೆಲಸ ನಿಂತಿತು. ಅರ್ಧ ಎದ್ದ ಗೋಡೆ ಇಂದಿಗೂ ಆಕಾಶ ನೋಡುತ್ತ ನಿಂತಿದೆ. ಲೊರೆನ್ಜೆಟ್ಟಿಯೂ ಆ ಪ್ಲೇಗಿನಲ್ಲೇ ತೀರಿಕೊಂಡನೆಂದು ನಂಬಿಕೆ.

ಇನ್ನೂ ಹತ್ತಿರದ ಪಾಠ ಅದೇ ಊರಿನ ಬ್ಯಾಂಕಿನದು. ಬಡವರಿಗೆ ಸಾಲ ಕೊಡಲು 1472ರಲ್ಲಿ ಸಿಯೆನಾದ ಆಡಳಿತವೇ ಹುಟ್ಟುಹಾಕಿದ ಮೊಂತೆ ದೈ ಪಾಸ್ಕಿ, ಇಂದಿಗೂ ನಡೆಯುತ್ತಿರುವ ಬ್ಯಾಂಕುಗಳಲ್ಲಿ ಅತ್ಯಂತ ಹಳೆಯದೆಂದು ಹೆಸರಾಗಿದೆ. ಪಾಸ್ಕಿ ಎಂದರೆ ಗೋಮಾಳ. 1624ರಲ್ಲಿ ಸರ್ಕಾರಿ ಹುಲ್ಲುಗಾವಲುಗಳ ಆದಾಯವನ್ನು ಠೇವಣಿದಾರರಿಗೆ ಭದ್ರತೆಯಾಗಿ ಕೊಟ್ಟದ್ದರಿಂದ ಆ ಹೆಸರು. ಗೋಮಾಳದ ಆಧಾರದ ಮೇಲೆ ನಿಂತ ಬ್ಯಾಂಕು ಶತಮಾನಗಟ್ಟಲೆ ಊರನ್ನು ಸಾಕಿತು. 2007ರಲ್ಲಿ ಸುಮಾರು 900 ಕೋಟಿ ಯೂರೋ ಕೊಟ್ಟು ಇನ್ನೊಂದು ಬ್ಯಾಂಕನ್ನು ಕೊಳ್ಳಲು ಒಪ್ಪಿತು. ಬೆಲೆ ಅತಿಯಾಯಿತು. ಲೆಕ್ಕದಲ್ಲಿ ಕಾಣದೆ ಉಳಿದಿದ್ದ ನಷ್ಟದ ವ್ಯವಹಾರಗಳು 2013ರಲ್ಲಿ ಬಯಲಿಗೆ ಬಂದವು. 2017ರಲ್ಲಿ ಇಟಲಿಯ ಸರ್ಕಾರ ಹಣ ಸುರಿದು ಉಳಿಸಬೇಕಾಯಿತು. ಬ್ಯಾಂಕು ಇಂದಿಗೂ ಇದೆ, ಆದರೆ ಊರಿನ ಕೈ ತಪ್ಪಿತು. ಲೆಕ್ಕದ ಪುಸ್ತಕಕ್ಕೆ ಚಿನ್ನದ ಬಣ್ಣ ಬಳಿದವರ ಊರಿನಲ್ಲೇ ಹೀಗಾಯಿತು. ಹಿರಿಯರ ಚಿತ್ರ ಮೊಮ್ಮಕ್ಕಳನ್ನು ಕಾಯುವುದಿಲ್ಲ. ಪ್ರತಿ ತಲೆಮಾರೂ ತನ್ನ ಲೆಕ್ಕವನ್ನು ತಾನೇ ಕೇಳಬೇಕು.

ಇನ್ನು ನಮ್ಮ ಮನೆಯ ಮಾತು. ಕಳೆದ ಮಹಾಸಭೆಯಲ್ಲಿ ಕೋರಂ ಆಗದೆ ಸಭೆಯನ್ನು ಅರ್ಧ ಗಂಟೆ ಮುಂದೂಡಿ ಆಮೇಲೆ ನಡೆಸಿದೆವು. ಆಯವ್ಯಯ ಪತ್ರವನ್ನು ನಾನು ಓದಿದೆ. ಯಾರೂ ಕೇಳಲಿಲ್ಲ. "ಮಂಜೂರು, ಮಂಜೂರು" ಎಂದರು. ಊಟದ ಹೊತ್ತಿಗೆ ಸಭಾಂಗಣ ತುಂಬಿತ್ತು. ಆ ದಿನ ನನಗೆ ಹಾಯೆನಿಸಿತ್ತೆಂದು ಒಪ್ಪಿಕೊಳ್ಳುತ್ತೇನೆ. ವರದಿಯ ಕೊನೆಯ ಪುಟಗಳಲ್ಲಿ, ಕನ್ನಡಕವಿದ್ದವರಿಗೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಲೆಕ್ಕ ಅಚ್ಚುಹಾಕಿಸಿದವನೂ ನಾನೇ. ಅದರಲ್ಲಿ ಮೋಸವೇನೂ ಇಲ್ಲ. ಆದರೆ ಓದಲಾಗದ ಲೆಕ್ಕಕ್ಕೂ ಬಚ್ಚಿಟ್ಟ ಲೆಕ್ಕಕ್ಕೂ ಸದಸ್ಯನ ಪಾಲಿಗೆ ವ್ಯತ್ಯಾಸವೇನು? "ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ" ಎಂಬ ಗಾದೆ ಸುಸ್ತಿ ಸಾಲದ ಪಟ್ಟಿ ನೋಡುವಾಗಲೆಲ್ಲ ನನಗೆ ನೆನಪಾಗುತ್ತದೆ. ಆ ಪಟ್ಟಿಯನ್ನು ನಾನೊಬ್ಬನೇ ನೋಡುತ್ತಿರುವುದೂ ಸರಿಯಲ್ಲ.

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ಮೂರು ಸಲಹೆಗಳನ್ನು ಇಟ್ಟಿದ್ದೇನೆ. ಮೊದಲನೆಯದು, ಮಹಾಸಭೆಗೆ ಹದಿನೈದು ದಿನ ಮುಂಚೆ ಒಂದೇ ಪುಟದ ಲೆಕ್ಕವನ್ನು ತಿಳಿಗನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಪ್ರತಿ ಗೋದಾಮಿನ ಬಾಗಿಲಿಗೆ ಹಚ್ಚುವುದು. ಎರಡನೆಯದು, ಆಡಳಿತ ಮಂಡಳಿಯವರ ಮತ್ತು ಕಾರ್ಯದರ್ಶಿಯ ಸ್ವಂತ ಸಾಲದ ಬಾಕಿ ಆ ಪುಟದ ಮೊದಲ ಸಾಲಿನಲ್ಲಿರುವುದು. ನನ್ನದರಿಂದಲೇ ಆರಂಭವಾಗಲಿ. ಮೂರನೆಯದು, ಈ ಬಾರಿಯ ವಾರ್ಷಿಕ ವರದಿಯ ರಟ್ಟಿಗೆ ನಮ್ಮ ಊರ ಶಾಲೆಯ ಮಕ್ಕಳಿಂದ ಚಿತ್ರ ಬರೆಸುವುದು. ಖರ್ಚು ಬಣ್ಣದ ಡಬ್ಬಿಯಷ್ಟೇ. ಎರಡನೆಯ ಸಲಹೆಗೆ ಮಂಡಳಿಯಲ್ಲಿ ಕೆಲವರ ಮುಖ ಸಣ್ಣದಾಯಿತೆಂದು ಬರೆದರೆ ಅವರು ಬೇಸರಪಡಬಾರದು. ತೀರ್ಮಾನ ಇನ್ನೂ ಆಗಿಲ್ಲ. ಆಗುವುದು ಬಿಡುವುದು ನಿಮ್ಮ ಕೈಯಲ್ಲಿದೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಮಹಾಸಭೆಗೆ ಊಟದ ಹೊತ್ತಿಗಿಂತ ಎರಡು ಗಂಟೆ ಮುಂಚೆ ಬನ್ನಿ. ಬರುವಾಗ ಒಬ್ಬೊಬ್ಬರೂ ಲೆಕ್ಕದ ಬಗ್ಗೆ ಒಂದೊಂದು ಪ್ರಶ್ನೆ ತನ್ನಿ. ಜಗಲಿಯಲ್ಲಿ ನನ್ನನ್ನು ಕೇಳಿದ ಹಿರಿಯರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿರುತ್ತೇನೆ. ಅವರು ಅದೇ ಪ್ರಶ್ನೆಯನ್ನು ಮೈಕಿನ ಮುಂದೆ ಕೇಳಲಿ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ